ಮನೋಸ್ಥೈರ್ಯದ ಅಳತೆಗೋಲು
(ಪದವಿಪೂರ್ವ ವಿದ್ಯಾರ್ಥಿಗಳ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಪರೀಕ್ಷೆಯ ಫಲಿತಾಂಶ ಪ್ರಕಟವಾದ ಮರುದಿನ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಕೆಲವೊಮ್ಮೆ ಒಂದು ಸಣ್ಣ ಸುದ್ದಿಯಿರುತ್ತದೆ. ವಯಸ್ಸು, ಊರು, ‘ಕಡಿಮೆ ಅಂಕ ಬಂದುದರಿಂದ ನೊಂದು’ ಎಂಬ ಒಂದು ವಾಕ್ಯ. ಈಗಿನ ಮಕ್ಕಳಿಗೆ ಮನೋಸ್ಥೈರ್ಯವೇ ಇಲ್ಲ ಎಂದು ಹೇಳಿ ನಾವು ಪುಟ ತಿರುಗಿಸುತ್ತೇವೆ. ತೀರ್ಪು ಕೂಡ ಸತ್ತ ಮಗುವಿನ ಮೇಲೆಯೇ! ಆ ಅಂಕಪಟ್ಟಿಯನ್ನು ಹಿಡಿದುಕೊಂಡು ಅದು ಯಾರ ಬಳಿಗೆ ಹೋಗಬಹುದಿತ್ತು ಎಂದು ನಾವು ಕೇಳುವುದಿಲ್ಲ. ಇಂದು ನಾನು ನಿಮ್ಮ ಮುಂದಿಡಬಯಸುವುದು ಈ ಪ್ರಶ್ನೆಯನ್ನೇ.

ಮನಸ್ಸಿನ ಒತ್ತಡವನ್ನು ಅಳೆಯಬಹುದೇ? ಅಳೆಯುವ ಪ್ರಯತ್ನಗಳಂತೂ ಬಹಳ ಹಿಂದೆಯೇ ನಡೆದಿವೆ. 1967ರಲ್ಲಿ ಅಮೆರಿಕದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಮನೋವೈದ್ಯರು ಬದುಕಿನ 43 ಘಟನೆಗಳ ಪಟ್ಟಿ ಮಾಡಿ ಪ್ರತಿಯೊಂದಕ್ಕೂ ಅಂಕ ನೀಡಿದರು. ಬಾಳಸಂಗಾತಿಯ ಮರಣಕ್ಕೆ 100, ವಿಚ್ಛೇದನಕ್ಕೆ 73. ಮದುವೆಗೂ 50! ಸಂತೋಷವೂ ಮನಸ್ಸಿನ ಮೇಲೆ ಭಾರ ಹೇರುತ್ತದೆ ಎಂಬುದನ್ನು ಅವರು ಗುರುತಿಸಿದ್ದರು. ಮಗಳ ಮದುವೆ ಮಾಡಿ ಮುಗಿಸಿದ ತಂದೆಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಒಂದೇ ಆಘಾತ ಎಲ್ಲರನ್ನೂ ಒಂದೇ ರೀತಿ ಕುಗ್ಗಿಸುವುದಿಲ್ಲವಲ್ಲ? ಆದ್ದರಿಂದ 1983ರಲ್ಲಿ ಶೆಲ್ಡನ್ ಕೋಹೆನ್ ಮತ್ತು ಅವರ ಸಂಗಡಿಗರು ಪ್ರಶ್ನೆಯನ್ನೇ ಬದಲಿಸಿದರು. ನಿಮಗೆ ಏನಾಯಿತು ಎಂದು ಕೇಳುವ ಬದಲು, ಬದುಕು ನಿಮ್ಮ ಹಿಡಿತದಲ್ಲಿಲ್ಲ ಎಂದು ಕಳೆದೊಂದು ತಿಂಗಳಲ್ಲಿ ಎಷ್ಟು ಸಲ ಅನಿಸಿತು ಎಂದು ಕೇಳಿದರು. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಅದರ ಚಿಕ್ಕ ರೂಪದಲ್ಲಿ ಹತ್ತು ಪ್ರಶ್ನೆಗಳಿವೆ, ಒಟ್ಟು ಅಂಕ 40. ಅಂಕ ಹೆಚ್ಚಿದಷ್ಟೂ ಒತ್ತಡ ಹೆಚ್ಚು. ಆದರೆ ಅದು ರೋಗನಿರ್ಣಯದ ಸಾಧನವಲ್ಲ. ಯಾರದೋ ಮೊಬೈಲಿನಲ್ಲಿ ಬಂದ ಪ್ರಶ್ನಾವಳಿಗೆ ಉತ್ತರಿಸಿ, ತನಗೆ ಮನೋರೋಗವಿದೆಯೆಂದು ಹೆದರುವುದೂ ಏನೂ ಇಲ್ಲವೆಂದು ನಿಶ್ಚಿಂತರಾಗುವುದೂ ಎರಡೂ ತಪ್ಪು.

ವಾಸ್ತವದಲ್ಲಿ ಇಂತಹ ಅಳತೆಗೋಲುಗಳಲ್ಲಿ ಒಂದು ಅಪಾಯವೂ ಅಡಗಿದೆ. ಅವು ವ್ಯಕ್ತಿಯನ್ನು ಮಾತ್ರ ಅಳೆಯುತ್ತವೆ. ಕೆಲಸದ ಹೊರೆಯನ್ನು ಇಮ್ಮಡಿಗೊಳಿಸಿದ ಸಂಸ್ಥೆಯೇ ಸಿಬ್ಬಂದಿಗೆ ಒತ್ತಡ ನಿರ್ವಹಣೆಯ ಶಿಬಿರ ಏರ್ಪಡಿಸುವುದನ್ನು ನಾವು ನೋಡುತ್ತಿದ್ದೇವೆ. ಹೊರೆ ಹೊರಿಸಿದವನ ಮೇಲೆ ಪ್ರಶ್ನೆಯಿಲ್ಲ, ಹೊತ್ತವನ ಬೆನ್ನು ಗಟ್ಟಿಯಿಲ್ಲ ಎಂಬ ದೂರು ಮಾತ್ರ ಇದೆ! ಮಕ್ಕಳ ವಿಷಯದಲ್ಲಿ ನಾವು ಮಾಡುತ್ತಿರುವುದು ಇದಕ್ಕಿಂತ ಭಿನ್ನವೇ?

ಹಾಗಾದರೆ ಮನೋಸ್ಥೈರ್ಯ ಎಲ್ಲಿಂದ ಬರುತ್ತದೆ? ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಜನಿಸಿದ 698 ಶಿಶುಗಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ತಮ್ಮ ಸಂಗಡಿಗರೊಂದಿಗೆ ದಶಕಗಳ ಕಾಲ ಹಿಂಬಾಲಿಸಿದರು. ಆ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಪಾಲು ಬಡತನ, ಮನೆಯ ಜಗಳ, ಹೆತ್ತವರ ಕುಡಿತ ಅಥವಾ ಮಾನಸಿಕ ಕಾಯಿಲೆಯ ನಡುವೆ ಬೆಳೆದವು. ಅವುಗಳ ಭವಿಷ್ಯ ಮುಗಿಯಿತೆಂದು ಯಾರಾದರೂ ಹೇಳುತ್ತಿದ್ದರು. ಆದರೆ ಈ ಮಕ್ಕಳಲ್ಲಿ ಮೂರರಲ್ಲೊಬ್ಬರು ಸಮರ್ಥ, ಸ್ನೇಹಪರ ವಯಸ್ಕರಾಗಿ ಬೆಳೆದರು. ಹುಟ್ಟು ಸ್ವಭಾವದ ಪಾತ್ರವೂ ಇದರಲ್ಲಿತ್ತು, ನಿಜ. ಆದರೆ ಅವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡುಬಂದ ಒಂದು ಸಂಗತಿಯಿದೆ: ಅವರನ್ನು ಅವರಿದ್ದಂತೆಯೇ ಒಪ್ಪಿಕೊಂಡ ಕನಿಷ್ಠ ಒಬ್ಬ ಹಿರಿಯ ವ್ಯಕ್ತಿ. ಅದು ತಾಯಿ ತಂದೆಯೇ ಆಗಿರಬೇಕೆಂದಿರಲಿಲ್ಲ. ಅಜ್ಜಿ, ಚಿಕ್ಕಮ್ಮ, ಶಿಕ್ಷಕಿ, ನೆರೆಮನೆಯವರು ಹೀಗೆ ಯಾರಾದರೂ ಸರಿ. ಇನ್ನೂ ಗಮನಾರ್ಹವಾದುದು, ಹದಿಹರೆಯದಲ್ಲಿ ದಾರಿ ತಪ್ಪಿದ್ದವರಲ್ಲೂ ಹೆಚ್ಚಿನವರು ಮೂವತ್ತು ನಲ್ವತ್ತರ ಹೊತ್ತಿಗೆ ಚೇತರಿಸಿಕೊಂಡಿದ್ದರು. ಹದಿನೇಳನೇ ವಯಸ್ಸಿನ ಅಂಕಪಟ್ಟಿಯೇ ಜೀವನದ ಕೊನೆಯ ಲೆಕ್ಕವೆಂದು ಮಕ್ಕಳಿಗೆ ಹೇಳುತ್ತಿರುವ ನಾವು ಇದನ್ನು ತುಸು ನಿಂತು ಆಲೋಚಿಸಬೇಕು.

ಆ ಒಬ್ಬ ವ್ಯಕ್ತಿ ನಿಮ್ಮ ಮನೆಯಲ್ಲಿದ್ದಾರೆಯೇ? ತಿಳಿಯುವುದು ಹೇಗೆ? ಆಸ್ಪತ್ರೆಗಳಲ್ಲಿ ಔಷಧಿ ನೀಡುವಾಗ ಆಗುವ ತಪ್ಪುಗಳ ಕುರಿತು ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ನಡೆಸಿದ ಅಧ್ಯಯನ ಇಲ್ಲಿ ನಮಗೆ ಸಹಾಯಕ. 1996ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಉತ್ತಮ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅವರು ಹೆಚ್ಚು ತಪ್ಪು ಮಾಡುತ್ತಿದ್ದರೆಂದಲ್ಲ, ಹೇಳಿಕೊಳ್ಳಲು ಹೆದರುತ್ತಿರಲಿಲ್ಲ! ಮುಂದೆ 1999ರಲ್ಲಿ ಅವರು ಮಾನಸಿಕ ಸುರಕ್ಷತೆಯನ್ನು ಅಳೆಯಲು ಏಳು ಅಂಶಗಳ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಅದು ಕೆಲಸದ ತಂಡಗಳಿಗಾಗಿ ಮಾಡಿದ್ದು. ಆದರೂ ಅದರ ತಿರುಳನ್ನು ಮನೆಗೆ ತರಲು ಅಡ್ಡಿಯೇನಿದೆ? ನಿಮ್ಮ ಮಗಳು ಕಳೆದ ಆರು ತಿಂಗಳಲ್ಲಿ ತಾನಾಗಿಯೇ ಬಂದು ಯಾವುದಾದರೂ ಕೆಟ್ಟ ಸುದ್ದಿಯನ್ನು ಹೇಳಿದ್ದಾಳೆಯೇ? ಹೇಳಿದಾಗ ನಿಮ್ಮ ಬಾಯಿಂದ ಬಂದ ಮೊದಲ ಮಾತೇನು? ಅವಳ ಒಂದು ತಪ್ಪನ್ನು ವರ್ಷ ಕಳೆದರೂ ನೆಂಟರ ಮುಂದೆ ಎತ್ತಿ ಆಡುತ್ತೀರಾ? ಮನೆಯಲ್ಲಿ ಯಾವ ದೂರೂ ಇಲ್ಲ, ಮಕ್ಕಳು ತುಟಿ ಬಿಚ್ಚುವುದಿಲ್ಲ ಎಂದು ಹೆಮ್ಮೆಪಡುವ ತಂದೆ, ಕಡಿಮೆ ತಪ್ಪು ದಾಖಲಾದ ಆ ಆಸ್ಪತ್ರೆಯ ವಾರ್ಡನ್ನು ಒಮ್ಮೆ ನೆನಪಿಸಿಕೊಳ್ಳಲಿ.

ಶಿಕ್ಷಕ ಮಿತ್ರರಿಗೂ ಒಂದು ಮಾತು. ತರಗತಿಯಲ್ಲಿ ಅಂಕಗಳನ್ನು ಗಟ್ಟಿಯಾಗಿ ಓದುವ ಪದ್ಧತಿಯನ್ನು ಕೈಬಿಡಲು ಸುತ್ತೋಲೆಗಾಗಿ ಕಾಯಬೇಕಾಗಿಲ್ಲ.

ಪ್ರೀತಿಯ ಮನೆಯಲ್ಲೂ ಮಕ್ಕಳು ಕುಸಿಯುತ್ತಾರೆ ಎಂಬುದನ್ನೂ ಹೇಳಲೇಬೇಕು. ನಿದ್ದೆ, ಊಟ ಬದಲಾಗಿ ಎರಡು ವಾರ ಕಳೆದರೂ ಸರಿಹೋಗದಿದ್ದರೆ, ಗೆಳೆಯರನ್ನು ದೂರವಿಟ್ಟರೆ, ತನ್ನ ಇಷ್ಟದ ವಸ್ತುಗಳನ್ನು ಇತರರಿಗೆ ಕೊಟ್ಟುಬಿಟ್ಟರೆ, ತಾನು ಮನೆಗೆ ಭಾರವೆಂದು ಹೇಳಿದರೆ ಅದನ್ನು ಸೋಮಾರಿತನ ಅಥವಾ ನಾಟಕವೆಂದು ತಳ್ಳಿಹಾಕಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆಲ್ಲನೆ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಹಲವರಲ್ಲಿದೆ, ಅದಕ್ಕೆ ಆಧಾರವಿಲ್ಲ. ಹೌದು ಎಂಬ ಉತ್ತರ ಬಂದರೆ ಮಗುವನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಗು ಮಾತಾಡಲು ಒಪ್ಪದಿದ್ದರೆ, ಮುಂದೇನು ಮಾಡಬೇಕೆಂದು ಕೇಳಲು ನೀವೇ ಕರೆ ಮಾಡಿ.