ಮಂಗಳದ ಕಾಲುವೆಗಳು, ಕೆಲಸ ಕಳೆದುಕೊಂಡ ಸಹಾಯಕ



ನಮ್ಮ ಕಡೆ ಮಂಗಳ, ಅಂದರೆ ಕುಜ, ಮದುವೆ ಮುಂದೂಡಿಸುವ ಗ್ರಹ. ಜಾತಕದ ಏಳನೇ ಮನೆಯಲ್ಲಿ ಬಂದು ಕೂತ ಅಂದರೆ ಹೆತ್ತವರಿಗೆ ನಿದ್ದೆಯಿಲ್ಲ. ಇದೇ ಕುಜ ಅಮೆರಿಕದ ಒಬ್ಬ ಆಗರ್ಭ ಶ್ರೀಮಂತನ ತಲೆಯೊಳಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೂತಿದ್ದ. ಬೇರೆ ಗ್ರಹದಲ್ಲಿ ಯಾರೋ ಕಟ್ಟಿದ ಏನೋ ಒಂದಿದೆ, ಅದೇನೆಂದು ನೋಡಲೇಬೇಕು ಅನ್ನುವ ಆಸೆ ಇದೆಯಲ್ಲ, ಅದು ಸಿನಿಮಾದವರಿಗೆ ಹತ್ತುವ ಎಷ್ಟೋ ಮೊದಲು ಖಗೋಳಜ್ಞರಿಗೇ ಹತ್ತಿತ್ತು. ಇವತ್ತು ಆ ಕಥೆ ಹೇಳುತ್ತೇನೆ.

ಶುರುವಾದದ್ದು 1877ರಲ್ಲಿ. ಆ ವರ್ಷ ಮಂಗಳ ಭೂಮಿಗೆ ತೀರಾ ಹತ್ತಿರ ಬಂದಿತ್ತು. ಇಟಲಿಯ ಮಿಲಾನ್ ನಗರದಲ್ಲಿ ಜೊವಾನಿ ಸ್ಕಿಯಾಪರೆಲ್ಲಿ ದೂರದರ್ಶಕದ ಮುಂದೆ ಕೂತು ಅದರ ನಕ್ಷೆ ಬರೆದ. ಕೆಂಪು ನೆಲದ ಮೇಲೆ ಸಣ್ಣ ಸಣ್ಣ ಕಪ್ಪು ಗೆರೆಗಳು ಕಂಡವು. ಅವಕ್ಕೆ ಪುರಾತನ ನದಿಗಳ ಹೆಸರಿಟ್ಟ. ನೈಲ್, ಯೂಫ್ರೆಟಿಸ್ ಜೊತೆಗೆ ನಮ್ಮ ಗಂಗೆ, ಸಿಂಧು ಕೂಡ ಆ ನಕ್ಷೆಯಲ್ಲಿವೆ! ಇವನ್ನು ಯಾರಾದರೂ ತೋಡಿದ್ದೇ ಎಂದು ಕೇಳಿದರೆ ಸ್ಕಿಯಾಪರೆಲ್ಲಿ ಹೌದು ಅನ್ನಲಿಲ್ಲ, ಇಲ್ಲವೆಂದು ಗಟ್ಟಿಯಾಗಿಯೂ ಹೇಳಲಿಲ್ಲ.

ಹೌದು ಎಂದು ಎದೆ ತಟ್ಟಿ ಹೇಳಿದವನು ಪರ್ಸಿವಲ್ ಲೊವೆಲ್. ಬಾಸ್ಟನ್ನಿನ ದೊಡ್ಡ ಮನೆತನ. ತಮ್ಮ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷನಾದ, ತಂಗಿ ಏಮಿ ಹೆಸರಾಂತ ಕವಿಯಾದಳು. ಇವನು ಜಪಾನ್, ಕೊರಿಯಾ ಸುತ್ತಿ ಪುಸ್ತಕ ಬರೆದು, ನಲವತ್ತರ ಹೊಸ್ತಿಲಲ್ಲಿ ಮಂಗಳದ ಹುಚ್ಚು ಹತ್ತಿಸಿಕೊಂಡ. 1894ರಲ್ಲಿ ಅರಿಝೋನಾದ ಫ್ಲ್ಯಾಗ್‌ಸ್ಟಾಫ್ ಊರಿನ ಗುಡ್ಡದ ಮೇಲೆ, ಏಳು ಸಾವಿರ ಅಡಿಗೂ ಎತ್ತರದಲ್ಲಿ, ಸ್ವಂತ ದುಡ್ಡಿನಲ್ಲಿ ವೀಕ್ಷಣಾಲಯ ಕಟ್ಟಿಸಿದ. ಎರಡೇ ವರ್ಷದಲ್ಲಿ 24 ಇಂಚಿನ ದೂರದರ್ಶಕ ತರಿಸಿದ.

ಲೊವೆಲ್ ಹೇಳಿದ್ದು ಹೀಗೆ: ಮಂಗಳ ಒಣಗುತ್ತಿರುವ ಗ್ರಹ. ಧ್ರುವದ ಹಿಮ ಕರಗಿದಾಗ ಅಲ್ಲಿನ ಜನ ಆ ನೀರನ್ನು ಕಾಲುವೆ ತೋಡಿ ಸಮಭಾಜಕದವರೆಗೆ ಒಯ್ಯುತ್ತಾರೆ. ನಮಗೆ ಕಾಣುವ ಗೆರೆ ನೀರಲ್ಲ, ಕಾಲುವೆಯ ಅಕ್ಕಪಕ್ಕದ ಹಸಿರು. ಇಡೀ ಗ್ರಹಕ್ಕೆ ಒಂದೇ ನೀರಾವರಿ ಇರಬೇಕಾದರೆ ಅಲ್ಲಿನವರು ಜಗಳ, ಯುದ್ಧ ಎಲ್ಲ ಬಿಟ್ಟು ಒಂದಾಗಿರಬೇಕು! ಕಾವೇರಿ ಸೀಮೆಯವರಾದ ನಮಗೆ ಅನುಮಾನ ಬರಲು ಈ ಒಂದು ಮಾತೇ ಸಾಕಿತ್ತು. ಆದರೆ ಜನ ಮರುಳಾದರು. ಎಚ್. ಜಿ. ವೆಲ್ಸ್ ಮಂಗಳದವರು ಭೂಮಿಗೆ ದಾಳಿಯಿಡುವ ಕಾದಂಬರಿ ಬರೆದದ್ದು ಈ ಗಾಳಿ ಬೀಸುತ್ತಿದ್ದ ಕಾಲದಲ್ಲೇ. 1938ರಲ್ಲಿ ಅದನ್ನೇ ಅಮೆರಿಕದ ರೇಡಿಯೋದಲ್ಲಿ ಸುದ್ದಿಯ ಧಾಟಿಯಲ್ಲಿ ನಾಟಕ ಮಾಡಿದಾಗ ಕೆಲವರು ನಿಜವೆಂದೇ ಹೆದರಿದರು. ರೇಡಿಯೋಗೆ ಅಂಥ ಶಕ್ತಿಯೂ ಇದೆ.

ಲೊವೆಲ್ ಸುಳ್ಳು ಹೇಳಲಿಲ್ಲ. ದೂರದರ್ಶಕದಲ್ಲಿ ಮಂಗಳ ಒಂದು ಪುಟ್ಟ ಬಿಂಬ. ಬೇಸಗೆಯ ಟಾರು ರಸ್ತೆಯ ಮೇಲೆ ಗಾಳಿ ನಡುಗುತ್ತದಲ್ಲ, ಹಾಗೆ ಅದು ನಡುಗುತ್ತಲೇ ಇರುತ್ತದೆ. ಯಾವುದೋ ಒಂದು ಕ್ಷಣ ನಿಂತಂತಾಗುತ್ತದೆ. ಆ ಕ್ಷಣದಲ್ಲಿ ಕಂಡದ್ದನ್ನು ನೆನಪಿನಿಂದ ಬರೆಯಬೇಕು. ಹಾಗೆ ಬರೆಯುವಾಗ ಬಿಡಿಬಿಡಿ ಚುಕ್ಕೆಗಳನ್ನು ಮನಸ್ಸು ಸೇರಿಸಿ ಗೆರೆ ಎಳೆದುಬಿಡುತ್ತದೆ. ಇದೇ ಲೊವೆಲ್ ದಟ್ಟ ಮೋಡ ಮುಚ್ಚಿದ ಶುಕ್ರನ ಮೇಲೂ ಚಕ್ರದ ಕಡ್ಡಿಗಳಂತೆ ಹರಡಿದ ಗೆರೆಗಳನ್ನು ಕಂಡಿದ್ದ. ಹೊಳಪು ತಗ್ಗಿಸಲು ಮಸೂರದ ಬಾಯನ್ನು ತೀರಾ ಕಿರಿದು ಮಾಡಿಕೊಂಡಿದ್ದರಿಂದ, ಅವನು ನೋಡಿದ್ದು ಬಹುಶಃ ತನ್ನದೇ ಕಣ್ಣಿನೊಳಗಿನ ರಕ್ತನಾಳಗಳ ನೆರಳನ್ನು ಅಂತ ಈಚಿನ ಕೆಲವರು ಹೇಳುತ್ತಾರೆ. ನನಗಂತೂ ಈ ವಿವರಣೆ ತುಂಬಾ ಇಷ್ಟ.

ಈಗ ನನ್ನ ನಿಜವಾದ ನಾಯಕ ಬರುತ್ತಾನೆ. ಆಂಡ್ರ್ಯೂ ಡಗ್ಲಾಸ್, ಲೊವೆಲ್‌ನ ಸಹಾಯಕ. ಅರಿಝೋನಾ ಅಲೆದು ಫ್ಲ್ಯಾಗ್‌ಸ್ಟಾಫ್ ಗುಡ್ಡವನ್ನು ಪರೀಕ್ಷಿಸಿದವನೇ ಅವನು. ಮೊದಲು ಅವನೂ ಗೆರೆ ಕಂಡವನೇ. ಆಮೇಲೆ ಒಳಗೊಳಗೇ ಅನುಮಾನ ಹುಟ್ಟಿತು. ಏನು ಮಾಡಿದ ಗೊತ್ತೇ? ಗ್ರಹದಂತೆ ಕಾಣುವ ಬಿಲ್ಲೆಗಳನ್ನು ಮಾಡಿ, ದೂರದಲ್ಲಿಟ್ಟು, ದೂರದರ್ಶಕದಲ್ಲಿ ನೋಡಿದ. ಗ್ರಹವನ್ನು ಪರೀಕ್ಷಿಸುವ ಮೊದಲು ನೋಡುವ ಕಣ್ಣನ್ನು ಪರೀಕ್ಷಿಸಿದ! ಯಜಮಾನನ ಕ್ರಮ ಸರಿಯಿಲ್ಲ ಎಂದು ಲೊವೆಲ್‌ನ ತಂಗಿಯ ಗಂಡನಿಗೆ ಪತ್ರ ಬರೆದ. ಪತ್ರ ಲೊವೆಲ್‌ನ ಕೈ ಸೇರಿತು. 1901ರಲ್ಲಿ ಡಗ್ಲಾಸ್ ಕೆಲಸ ಹೋಯಿತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1903ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ಮೌಂಡರ್ ಶಾಲಾ ಹುಡುಗರ ಮುಂದೆ ಗೆರೆಯೇ ಇಲ್ಲದ ಮಂಗಳದ ಚಿತ್ರವಿಟ್ಟು ನಕಲು ಮಾಡಿಸಿದ. ಸ್ವಲ್ಪ ದೂರ ಕೂತ ಎಷ್ಟೋ ಹುಡುಗರು ಕಾಲುವೆ ಎಳೆದರು. 1909ರಲ್ಲಿ ಪ್ಯಾರಿಸ್ ಬಳಿಯ ಮ್ಯೂಡಾನ್‌ನ ದೊಡ್ಡ ದೂರದರ್ಶಕದಲ್ಲಿ ಖಗೋಳಜ್ಞ ಆಂಟೊನಿಯಾಡಿ ನೋಡಿದಾಗ ಗೆರೆಗಳು ಒಡೆದು ಅಂಕುಡೊಂಕು ಕಲೆಗಳಾದವು. ಲೊವೆಲ್ ಒಪ್ಪಲಿಲ್ಲ. 1916ರಲ್ಲಿ ತೀರಿಕೊಂಡ, ಅದೇ ಗುಡ್ಡದ ಮೇಲೆ ಅವನ ಸಮಾಧಿಯಿದೆ. 1965ರಲ್ಲಿ ಮ್ಯಾರಿನರ್ 4 ನೌಕೆ ಮಂಗಳದ ಪಕ್ಕ ಹಾದು ಚಿತ್ರ ಕಳಿಸಿತು. ಕಂಪ್ಯೂಟರ್ ಚಿತ್ರ ಮೂಡಿಸುವ ತನಕ ಕಾಯಲಾರದೆ ಎಂಜಿನಿಯರುಗಳು ಅಂಕಿಗಳ ಪಟ್ಟಿಗಳನ್ನು ಗೋಡೆಗೆ ಅಂಟಿಸಿ, ಅಂಕಿಗೆ ತಕ್ಕ ಬಣ್ಣದ ಕಡ್ಡಿ ಹಿಡಿದು ತುಂಬಿಸಿದರು. ಚಿತ್ರಗಳಲ್ಲಿ ಕಂಡದ್ದು ಕಾಲುವೆಯಲ್ಲ, ಬರೀ ಕುಳಿಗಳು.

ಆಸೆ ಅಷ್ಟಕ್ಕೇ ಸಾಯುತ್ತದೆಯೇ? 1976ರಲ್ಲಿ ವೈಕಿಂಗ್ 1 ನೌಕೆಯ ಚಿತ್ರವೊಂದರಲ್ಲಿ ಸಿಡೋನಿಯಾ ಎಂಬಲ್ಲಿನ ದಿಬ್ಬ ಮನುಷ್ಯನ ಮುಖದಂತೆ ಕಂಡಿತು. ಇಳಿಬಿಸಿಲಿನ ನೆರಳು ಕಣ್ಣಾಯಿತು, ಪ್ರಸಾರದಲ್ಲಿ ಕಳೆದುಹೋದ ಒಂದು ಚುಕ್ಕೆ ಮೂಗಿನ ಹೊಳ್ಳೆಯಾಯಿತು. 1998ರಲ್ಲಿ, ಮತ್ತೆ 2001ರಲ್ಲಿ ಹೆಚ್ಚು ಸ್ಪಷ್ಟವಾಗಿ ತೆಗೆದಾಗ ಮುಖ ಹೋಗಿ ದಿಬ್ಬ ಉಳಿಯಿತು. 2014ರ ಸೆಪ್ಟೆಂಬರ್ 24ರಂದು ಬೆಂಗಳೂರಿನಿಂದ ನಿಯಂತ್ರಿಸುತ್ತಿದ್ದ ನಮ್ಮ ಮಂಗಳಯಾನವೂ ಅಲ್ಲಿಗೆ ಮುಟ್ಟಿತು. ಆ ವೇಳೆಗೆ ಕಾಲುವೆ ಹುಡುಕುವವರು ಯಾರೂ ಉಳಿದಿರಲಿಲ್ಲ.

ಡಗ್ಲಾಸ್ ಏನಾದ? ಮರದ ಕಾಂಡದೊಳಗಿನ ವರ್ಷದ ಉಂಗುರ ಎಣಿಸುವ ವಿದ್ಯೆ ಕಟ್ಟಿದ. 1929ರಲ್ಲಿ ಸುಟ್ಟ ತೊಲೆಯ ತುಂಡೊಂದು ಸಿಕ್ಕಿ, ಅಮೆರಿಕದ ನೈಋತ್ಯದ ಮೂಲನಿವಾಸಿಗಳ ಪಾಳು ಮನೆಗಳು ಯಾವ ವರ್ಷದವು ಎಂದು ಹೇಳಬಲ್ಲವನಾದ. ಅದೇ ಅರಿಝೋನಾದಲ್ಲಿ ಹೊಹೊಕಾಮ್ ಜನ ನೂರಾರು ವರ್ಷಗಳ ಹಿಂದೆ ಮರಳುಗಾಡಿನಲ್ಲಿ ನೂರಾರು ಮೈಲಿ ಕಾಲುವೆ ತೋಡಿದ್ದರು, ಕೈಯಿಂದ. ಬರಗಾಡಿನಲ್ಲಿ ನೀರು ಹರಿಸಿದ ಮರೆತುಹೋದ ಜನ ಬೇಕಿದ್ದರೆ ಲೊವೆಲ್ ಗುಡ್ಡ ಇಳಿದು ದಕ್ಷಿಣಕ್ಕೆ ಹೋಗಿದ್ದರೆ ಸಾಕಿತ್ತು. ಇದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮಂಗಳದ ಕುಳಿಗಳಿಗೆ ಈಗ ಇವರೆಲ್ಲರ ಹೆಸರಿದೆ: ಸ್ಕಿಯಾಪರೆಲ್ಲಿ, ಲೊವೆಲ್, ಮೌಂಡರ್, ಆಂಟೊನಿಯಾಡಿ, ಡಗ್ಲಾಸ್. ಕಿತ್ತಾಡಿದವರೆಲ್ಲ ಈಗ ಒಂದೇ ಗ್ರಹದ ಒಕ್ಕಲು. ಅಲ್ಲೂ ಡಗ್ಲಾಸ್ ಕುಳಿಗಿಂತ ಲೊವೆಲ್ ಕುಳಿಯೇ ದೊಡ್ಡದು. ನನ್ನನ್ನು ಕೇಳಿದ್ದರೆ ಅದನ್ನು ತಿರುವುಮುರುವು ಮಾಡಿಸುತ್ತಿದ್ದೆ.