ಜೋ ಲೂಯಿಯ ಮುಷ್ಟಿ, ನಮ್ಮ ಲೆಕ್ಕ
(ಘಾಟ್ಕೋಪರಿನ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ಮುಷ್ಟಿಕಾಳಗದ ಮಾತೇಕೆ ಎಂದೀರಿ. ಜೋ ಲೂಯಿ ನಮ್ಮಂಥವನೇ. 1914ರಲ್ಲಿ ಅಮೆರಿಕದ ಅಲಬಾಮದಲ್ಲಿ ಬಡ ಗೇಣಿದಾರನ ಮಗನಾಗಿ ಹುಟ್ಟಿದ. ಹೊಟ್ಟೆಪಾಡಿಗಾಗಿ ಮನೆಮಂದಿಯೊಡನೆ ಡೆಟ್ರಾಯಿಟಿಗೆ ಬಂದು ಫೋರ್ಡ್ ಮೋಟಾರು ಕಾರ್ಖಾನೆಯಲ್ಲಿ ದುಡಿದ. 1934ರಲ್ಲಿ ಮುಷ್ಟಿಯನ್ನೇ ವೃತ್ತಿ ಮಾಡಿಕೊಂಡ. 1937ರಿಂದ 1949ರ ತನಕ ಜಗಜ್ಜೆಟ್ಟಿ. 25 ಸಲ ಪಟ್ಟ ಉಳಿಸಿಕೊಂಡ. 1936ರಲ್ಲಿ ತನ್ನನ್ನು ಕೆಡವಿದ್ದ ಜರ್ಮನಿಯ ಶ್ಮೆಲಿಂಗನನ್ನು 1938ರಲ್ಲಿ ಮೊದಲ ಸುತ್ತಿನಲ್ಲೇ ಉರುಳಿಸಿದ. ಕಷ್ಟಕಾಲದಲ್ಲಿ ಮನೆಗೆ ಸಿಕ್ಕಿದ್ದ ಸರಕಾರಿ ಸಹಾಯಧನವನ್ನೂ ಹಿಂದಿರುಗಿಸಿದ ಮಾನಿ ಅವನು.

1942ರಲ್ಲಿ ಎರಡು ಪಂದ್ಯಗಳ ಗಳಿಕೆಯನ್ನು ಸೇನೆಯ ಪರಿಹಾರ ನಿಧಿಗಳಿಗೆ ಕೊಟ್ಟ. ಆದರೂ ತೆರಿಗೆಯ ಸಾಲ ಬೆನ್ನು ಬಿಡಲಿಲ್ಲ. ನಿವೃತ್ತನಾದವನು 1950ರಲ್ಲಿ ಮತ್ತೆ ಕಣಕ್ಕಿಳಿದ; 1951ರಲ್ಲಿ, 37ರ ವಯಸ್ಸಿನಲ್ಲಿ, ಮಾರ್ಸಿಯಾನೋನ ಏಟಿಗೆ ಬಿದ್ದ. ಕಡೆಗೆ ಲಾಸ್ ವೇಗಾಸಿನ ಹೊಟೇಲಿನಲ್ಲಿ ಗಿರಾಕಿಗಳನ್ನು ಸ್ವಾಗತಿಸುವ ಕೆಲಸ. 1981ರಲ್ಲಿ ತೀರಿಕೊಂಡ.

ಹೊಟೇಲಿನ ಕೆಲಸ ಹೀನವಲ್ಲ. ಆ ಅನ್ನ ನಾವೂ ಉಂಡಿದ್ದೇವೆ. ದಣಿದ ತೋಳನ್ನು ಸಾಲಕ್ಕಾಗಿ ಮತ್ತೆ ಮಾರಬೇಕಾಯಿತಲ್ಲ, ಸಂಕಟ ಅದು. ನಮ್ಮ ಬಂಡವಾಳವೂ ಎರಡು ತೋಳುಗಳೇ. ಅವು ಸೋಲುವ ಮುನ್ನ ಸಂಬಳದ ಚೀಟಿ, ಪ್ರಾವಿಡೆಂಟ್ ಫಂಡಿನ ಲೆಕ್ಕ ಕೇಳಿ ಪಡೆಯಿರಿ. ಓದಲು ಬಾರದವನಿಗೆ ಪಕ್ಕದವನು ಓದಿ ಹೇಳಲಿ. ಸಂಘವೆಂದರೆ ಅದೇ.