ಹನ್ನೆರಡು ಚಿತ್ರಗಳ ಸುರುಳಿ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳೆಯ ಮನೆಗಳ ಪಡಸಾಲೆಯಲ್ಲಿ ಕಟ್ಟು ಹಾಕಿಸಿದ ಕಪ್ಪು-ಬಿಳುಪು ಫೋಟೋಗಳನ್ನು ನೀವು ನೋಡಿಯೇ ಇರುತ್ತೀರಿ. ರುಮಾಲು ಸುತ್ತಿದ ಅಜ್ಜ ಕುರ್ಚಿಯಲ್ಲಿ, ಇಳಕಲ್ ಸೀರೆಯ ಅಜ್ಜಿ ಪಕ್ಕದಲ್ಲಿ, ಹಿಂದೆ ಸ್ಟುಡಿಯೋದ ಬಣ್ಣದ ಪರದೆ. ಫೋಟೋ ಮನೆಯವರ ಬಳಿ ಇದೆ. ಆದರೆ ಅದರ ತಾಯಿಯಾದ ನೆಗೆಟಿವ್ ಎಲ್ಲಿದೆ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ.

ಆ ನೆಗೆಟಿವ್ ಹೆಚ್ಚಾಗಿ 120 ಎಂಬ ಫಿಲ್ಮ್ ಸುರುಳಿಯದು. ಈ ಸಂಖ್ಯೆ ಯಾವ ಅಳತೆಯೂ ಅಲ್ಲ, ಕೊಡಕ್ ಕಂಪನಿ ತನ್ನ ಫಿಲ್ಮುಗಳಿಗೆ ಕೊಡುತ್ತ ಬಂದ ಕ್ರಮಸಂಖ್ಯೆ. 1901ರಲ್ಲಿ ನಂಬರ್ 2 ಬ್ರೌನಿ ಎಂಬ ಡಬ್ಬಿ ಕ್ಯಾಮರಾಕ್ಕಾಗಿ ಹುಟ್ಟಿದ ಈ ಸುರುಳಿ ಇಂದಿಗೂ ತಯಾರಾಗುತ್ತಿದೆ. ಸುಮಾರು 6 ಸೆಂಟಿಮೀಟರ್ ಅಗಲದ ಫಿಲ್ಮಿನ ಬೆನ್ನಿಗೆ ಕಪ್ಪು ಕಾಗದ. ಕಾಗದದ ಮೇಲೆ ಅಂಕಿಗಳು. ಕ್ಯಾಮರಾದ ಹಿಂಬದಿಯ ಕೆಂಪು ಕಿಂಡಿಯಲ್ಲಿ ಅಂಕಿ ಕಾಣುವವರೆಗೆ ಗುಂಡಿ ತಿರುಗಿಸಬೇಕು, ಆಮೇಲೆ ಕ್ಲಿಕ್. ಚೌಕ ಚಿತ್ರವಾದರೆ ಒಂದು ಸುರುಳಿಗೆ 12 ಮಾತ್ರ. ಒಂದೊಂದು ಚಿತ್ರ 56 ಮಿಲಿಮೀಟರ್ ಚೌಕ. ಮದುವೆಮನೆಗಳಲ್ಲಿ ಮುಂದೆ ಜನಪ್ರಿಯವಾದ 35 ಮಿ.ಮೀ. ಫಿಲ್ಮಿನ ಚಿತ್ರಕ್ಕಿಂತ ಮೂರೂವರೆ ಪಟ್ಟು ದೊಡ್ಡದು.

ಕ್ಯಾಮರಾ ಈ ಸೀಮೆಗೆ ಬಂದದ್ದು ಇನ್ನೂ ಮೊದಲು. ಮುಂಬಯಿ ಸರ್ಕಾರ 1855ರಲ್ಲಿ ಫಿರಂಗಿದಳದ ಅಧಿಕಾರಿ ಥಾಮಸ್ ಬಿಗ್ಸ್‌ನನ್ನು ಸ್ಮಾರಕಗಳ ಚಿತ್ರ ತೆಗೆಯಲು ನೇಮಿಸಿತು. ಆತ ಬಿಜಾಪುರ, ಬಾದಾಮಿ, ಐಹೊಳೆಗಳನ್ನು ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದ. ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರ ಬರಹದೊಂದಿಗೆ 1866ರಲ್ಲಿ ಬಿಜಾಪುರದ ಚಿತ್ರಗಳು ಪುಸ್ತಕವಾಗಿ ಬಂದವು. ಗುಮ್ಮಟಕ್ಕೆ ಹೀಗೆ ಚಿತ್ರಗಾರ ಸಿಕ್ಕಿದ. ಹಳ್ಳಿಯ ಒಕ್ಕಲಿಗನ ಮುಖಕ್ಕೆ ಚಿತ್ರಗಾರ ಸಿಗಲು ತಾಲ್ಲೂಕು ಪೇಟೆಗಳಲ್ಲಿ ಸ್ಟುಡಿಯೋಗಳು ತೆರೆಯಬೇಕಾಯಿತು.

ಸ್ಟುಡಿಯೋದವರ ಕೈಯಲ್ಲಿ ಇದ್ದದ್ದು ಎರಡು ಕಣ್ಣಿನ ಕ್ಯಾಮರಾ. ಮೇಲಿನ ಕಣ್ಣು ನೋಡಲು, ಕೆಳಗಿನದು ಚಿತ್ರ ಹಿಡಿಯಲು. 1929ರಲ್ಲಿ ಬಂದ ಜರ್ಮನಿಯ ರೋಲಿಫ್ಲೆಕ್ಸ್ ಇದರ ಹಿರಿಯಣ್ಣ, ಜಪಾನಿನ ಯಾಶಿಕಾ ಬಡವರ ಪಾಲಿನ ತಮ್ಮ. ಹೊಟ್ಟೆಯ ಮಟ್ಟದಲ್ಲಿ ಹಿಡಿದು, ತಲೆ ಬಗ್ಗಿಸಿ ಗಾಜಿನೊಳಗೆ ನೋಡಬೇಕು. ಎಡ-ಬಲ ಅದಲುಬದಲಾಗಿ ಕಾಣುತ್ತದೆ. ಚಿತ್ರ ತೆಗೆಸಿಕೊಳ್ಳುವವರ ಮುಂದೆ ಛಾಯಾಗ್ರಾಹಕ ತಲೆಬಾಗಿ ನಿಲ್ಲುವ ಕ್ಯಾಮರಾ ಇದೊಂದೇ ಇರಬೇಕು! ಹವ್ಯಾಸಿಗಳಿಗೆ ಆಗ್ಫಾ ಕ್ಲಿಕ್ 3 ಇತ್ತು. ಬಿಸಿಲಿಗೊಂದು, ಮೋಡಕ್ಕೊಂದು ಗುರುತು, ಬೇರೇನೂ ತಿರುಗಿಸಬೇಕಿಲ್ಲ. ಫಿಲ್ಮ್ ವಿದೇಶದಿಂದಲೇ ಬರಬೇಕು ಎಂಬ ಸ್ಥಿತಿಯನ್ನು ಬದಲಿಸಲು ಕೇಂದ್ರ ಸರ್ಕಾರ 1960ರಲ್ಲಿ ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸ್ಥಾಪಿಸಿತು. 1967ರಲ್ಲಿ ಉತ್ಪಾದನೆ ಆರಂಭವಾಯಿತು. ‘ಇಂದು’ ಎಂಬ ಮುದ್ರೆಯ ಫಿಲ್ಮು, ಕಾಗದ ಊರೂರು ತಲುಪಿದವು. ಆ ಕಾರ್ಖಾನೆ ಈಗ ಮುಚ್ಚಿದೆ.

ಸ್ಟುಡಿಯೋಗಳು ದೊಡ್ಡ ನೆಗೆಟಿವ್‌ಗೆ ಅಂಟಿಕೊಂಡದ್ದಕ್ಕೆ ಇನ್ನೊಂದು ಕಾರಣವಿದೆ, ಅದು ಪೆನ್ಸಿಲ್. ಮುಖದ ಸಿಡುಬಿನ ಕಲೆ ಫೋಟೋದಲ್ಲಿ ಕಪ್ಪಾದರೆ ನೆಗೆಟಿವ್‌ನಲ್ಲಿ ತೆಳುವಾಗಿರುತ್ತದೆ. ಆ ತೆಳು ಜಾಗವನ್ನು ಚೂಪು ಮೊನೆಯಿಂದ ಚುಕ್ಕಿ ಚುಕ್ಕಿಯಾಗಿ ತುಂಬಿದರೆ ಮುದ್ರಿಸಿದಾಗ ಕಲೆ ಮಾಯ. ಹೆಣ್ಣು ತೋರಿಸುವ ಫೋಟೋಗಳಲ್ಲಿ ಈ ಕೈಚಳಕಕ್ಕೆ ಬೆಲೆಯಿತ್ತು. ಉಗುರಿನಷ್ಟಗಲದ ಮುಖದ ಮೇಲೆ ಇದು ಸಾಧ್ಯ, 35 ಮಿ.ಮೀ.ನ ಕಡಲೆಕಾಳಿನಂಥ ಮುಖದ ಮೇಲೆ ಅಲ್ಲ.

ಈಗ ಹವ್ಯಾಸಕ್ಕೆ ಬರೋಣ. ಮೊಬೈಲಿನಲ್ಲಿ ದಿನಕ್ಕೆ ನೂರು ಚಿತ್ರ ಹೊಡೆಯುವ ಕಾಲದಲ್ಲೂ ಹಳೆಯ ಯಾಶಿಕಾ ಕೊಂಡು 120 ಸುರುಳಿ ಹಾಕುವವರಿದ್ದಾರೆ. ಇಲ್ಫರ್ಡ್, ಕೊಡಕ್, ಫೋಮಾ ಕಂಪನಿಗಳ ಸುರುಳಿಗಳು ಆಮದಾಗಿ ಬರುತ್ತವೆ. ಅಗ್ಗವಂತೂ ಅಲ್ಲ. ಸಿಂದಗಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಬೆಳಕಿನ ಲೆಕ್ಕ ಸುಲಭ. 400 ವೇಗದ ಫಿಲ್ಮಿಗೆ ರಂಧ್ರ ಎಫ್ 16, ಷಟರ್ ಸೆಕೆಂಡಿನ 500ನೇ ಒಂದು ಭಾಗ. ಯಾಶಿಕಾದ ಗರಿಷ್ಠ ವೇಗವೂ ಅದೇ. ಆದರೆ ನೆತ್ತಿಯ ಬಿಸಿಲಿನಲ್ಲಿ ರುಮಾಲಿನ ಕೆಳಗೆ ಕಣ್ಣು ಕಾಣದು. ಅನುಭವಸ್ಥರು ಬೆಳಗಿನ ಎಂಟರೊಳಗೆ ಕೆಲಸ ಮುಗಿಸುತ್ತಾರೆ.

ಕಷ್ಟ ಇರುವುದು ತೊಳೆಯುವುದರಲ್ಲಿ. ಕೆಂಪು ದೀಪದಲ್ಲಿ ಫಿಲ್ಮ್ ಬಿಚ್ಚಬಹುದೆಂಬುದು ಸಿನಿಮಾ ನೋಡಿ ಹುಟ್ಟಿದ ನಂಬಿಕೆ. ಆ ದೀಪ ಮುದ್ರಣದ ಕಾಗದಕ್ಕೆ ಸರಿ. ಇಂದಿನ ಫಿಲ್ಮಿಗೆ ಪೂರ್ಣ ಕತ್ತಲೆ ಬೇಕು. ಕತ್ತಲಲ್ಲಿ ತಡಕಾಡಿ ಸುರುಳಿಯನ್ನು ಮುಚ್ಚಿದ ಟ್ಯಾಂಕಿಗೆ ಹಾಕಿದ ಮೇಲೆ ಉಳಿದದ್ದೆಲ್ಲ ಬೆಳಕಿನಲ್ಲೇ. ಡೆವಲಪರ್ ಮನೆಯಲ್ಲೇ ಕಲಸಬಹುದು. ಕೊಡಕ್‌ನವರ ಪ್ರಸಿದ್ಧ ಡಿ-76ಕ್ಕೆ ಒಂದು ಲೀಟರಿನಲ್ಲಿ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಮೆಟಾಲ್ ಮೊದಲು ಕರಗಬೇಕು. ಸಲ್ಫೈಟ್ ಮುಂದಾದರೆ ಮೆಟಾಲ್ ಸರಿಯಾಗಿ ಕರಗುವುದಿಲ್ಲ. ಕೈಗವಸು, ತೆರೆದ ಕಿಟಕಿ ಅಗತ್ಯ. ಅಡುಗೆಯ ಪಾತ್ರೆ ಇದಕ್ಕೆ ಬೇಡವೇ ಬೇಡ.

ಪುಸ್ತಕಗಳು 20 ಡಿಗ್ರಿ ಎನ್ನುತ್ತವೆ. ಬಿಸಿಲು 40 ದಾಟುವ ಊರಿನಲ್ಲಿ ಮಾಳಿಗೆಯ ಟಾಕಿಯ ನೀರು ಸ್ನಾನಕ್ಕೇ ಸುಡುತ್ತಿರುತ್ತದೆ. ಮಣ್ಣಿನ ಹರವಿಯ ನೀರು ಇಲ್ಲಿ ನೆರವಿಗೆ ಬರುತ್ತದೆ. ಹರವಿಯ ಮೈಯಿಂದ ನೀರು ಆರುತ್ತ ಒಳಗಿನದನ್ನು ತಣ್ಣಗಿಡುತ್ತದೆ. ಬಕೇಟಿನಲ್ಲಿ ಅಷ್ಟು ಬರ್ಫ ಹಾಕಿ ಬಾಟಲಿಗಳನ್ನು ನಿಲ್ಲಿಸಿದರೆ 24 ಡಿಗ್ರಿಗೆ ತರಬಹುದು. ಇಲ್ಫರ್ಡ್ ಎಚ್‌ಪಿ5 ಫಿಲ್ಮಿಗೆ ಡಿ-76ರಲ್ಲಿ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ ಬೇಕಾದರೆ 24ರಲ್ಲಿ ಸುಮಾರು ಐದೂವರೆ ಸಾಕು. ಡೆವಲಪರ್, ಹೈಪೋ, ತೊಳೆಯುವ ನೀರು ಎಲ್ಲವೂ ಒಂದೇ ಉಷ್ಣತೆಯಲ್ಲಿರಬೇಕು. ತಣ್ಣಗಿನದರಿಂದ ಬಿಸಿಗೆ ಏಕಾಏಕಿ ಹೋದರೆ ಫಿಲ್ಮಿನ ಮೇಲಿನ ಪದರ ಬೇಸಿಗೆಯ ಎರೆಹೊಲದಂತೆ ಬಿರಿಯುತ್ತದೆ. ಹಳೆಯ ಫಿಲ್ಮುಗಳಿಗೆ ಈ ಕಾಟ ಹೆಚ್ಚು. ಕೊಳವೆಬಾವಿಯ ಗಡಸು ನೀರು ಒಣಗಿದಾಗ ಬಿಳಿ ಕಲೆ ಬಿಡುತ್ತದೆ. ಕೊನೆಯ ತೊಳೆತಕ್ಕೆ ಡಿಸ್ಟಿಲ್ಡ್ ವಾಟರ್ ಒಳ್ಳೆಯದು. ಒಣಹಾಕಲು ಬಚ್ಚಲೇ ವಾಸಿ, ಹಸಿ ನೆಲಕ್ಕೆ ಧೂಳು ಏಳದು.

ಇದೇ ಹವ್ಯಾಸಿಯ ಕೈಗೆ ಹಳೆಯ ಸ್ಟುಡಿಯೋದ ನೆಗೆಟಿವ್ ಪೆಟ್ಟಿಗೆ ಸಿಕ್ಕರೆ ಕೆಲಸದ ತೂಕವೇ ಬೇರೆ. ಕಪ್ಪು-ಬಿಳುಪು ನೆಗೆಟಿವ್‌ನಲ್ಲಿರುವುದು ಬೆಳ್ಳಿ. ಅಂಗಡಿ ಮುಚ್ಚುವಾಗ ಹಳೆಯ ನೆಗೆಟಿವ್‌ಗಳನ್ನು ಬೆಳ್ಳಿ ತೆಗೆಯುವವರಿಗೆ ತೂಕಕ್ಕೆ ಹಾಕುವುದುಂಟು. ಹಾಕದೆ ಉಳಿದವು ತಗಡಿನ ಮಾಡಿನ ಕೆಳಗೆ ಬೇಯುತ್ತವೆ. ಪೆಟ್ಟಿಗೆ ತೆರೆದಾಗ ವಿನೆಗರ್ ವಾಸನೆ ಬಂದರೆ ಅಸಿಟೇಟ್ ಪಟ್ಟಿಯೇ ಕೊಳೆಯುತ್ತಿದೆ ಎಂದರ್ಥ. ಅಂಥವನ್ನು ಬೇರೆಯಿಡಬೇಕು, ಮೊದಲು ಸ್ಕ್ಯಾನ್ ಮಾಡಬೇಕು.

ಬಸವನ ಬಾಗೇವಾಡಿ ಸೀಮೆಗೆ ಇದು ಬರಿಯ ನೆನಪಿನ ಮಾತಲ್ಲ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಶಂಕುಸ್ಥಾಪನೆಯಾಯಿತು. ದಶಕಗಳ ನಂತರ ನೀರು ನಿಂತಾಗ ಹಳೆಯ ಕೊಲ್ಹಾರದಂಥ ಊರುಗಳು ಜಾಗ ಬಿಟ್ಟು ಏಳಬೇಕಾಯಿತು. ಆ ಓಣಿಯ ಮದುವೆ, ಶಾಲೆಯ ಗುಂಪು, ಅಗಸೆಯ ಬಾಗಿಲು ಯಾವುದಾದರೂ ಚೌಕ ನೆಗೆಟಿವ್‌ನಲ್ಲಿದ್ದರೆ ಮತ್ತೊಮ್ಮೆ ಹೋಗಿ ತೆಗೆಯುವಂತಿಲ್ಲ.

ಸ್ಕ್ಯಾನಿಂಗಿಗೆ ಕಚೇರಿಯ ಸಾಮಾನ್ಯ ಯಂತ್ರ ಆಗದು. ಮುಚ್ಚಳದಲ್ಲೂ ದೀಪವಿರುವ, ಫಿಲ್ಮಿನ ಮೂಲಕ ಬೆಳಕು ಹಾಯಿಸುವ ಯಂತ್ರ ಬೇಕು. 2400 ಡಿಪಿಐಗೆ ಇಟ್ಟರೆ ಚಿತ್ರದ ಒಂದೊಂದು ಬದಿಗೆ ಸುಮಾರು 5,300 ಬಿಂದುಗಳು, ಅಂದರೆ ಒಟ್ಟು 2 ಕೋಟಿ 80 ಲಕ್ಷ. ಗೋಡೆಯ ಫೋಟೋದಲ್ಲಿ ಮಸುಕಾಗಿದ್ದ ಅಜ್ಜಿಯ ಸರದ ಗುಂಡುಗಳನ್ನು ಎಣಿಸಬಹುದು. ಯಂತ್ರ ಇಲ್ಲದವರು ಎಲ್‌ಇಡಿ ಹಲಗೆಯ ಮೇಲೆ ನೆಗೆಟಿವ್ ಇಟ್ಟು ಮ್ಯಾಕ್ರೋ ಲೆನ್ಸಿನಿಂದ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ತಿರುವು ಮಾಡುತ್ತಾರೆ. ಧೂಳು ಅಳಿಸುವ ಇನ್‌ಫ್ರಾರೆಡ್ ಸೌಲಭ್ಯ ಬೆಳ್ಳಿಯ ನೆಗೆಟಿವ್‌ಗೆ ಕೆಲಸ ಮಾಡದು, ಊದುಬುರುಡೆಯೇ ಗತಿ. ಹೊಳಪಿಲ್ಲದ ಮೈಯನ್ನು ಬಟ್ಟೆಯಿಂದ ಒರೆಸಬಾರದು. ಪೆನ್ಸಿಲ್ ಚುಕ್ಕಿಗಳು ಇರುವುದು ಅಲ್ಲೇ.

ಸ್ಕ್ಯಾನ್ ಆದ ಮೇಲೂ ನೆಗೆಟಿವ್ ಎಸೆಯಬಾರದು. ಪ್ಲಾಸ್ಟಿಕ್ ಚೀಲ ಬಿಟ್ಟು ಕಾಗದದ ಲಕೋಟೆಯಲ್ಲಿ, ಮನೆಯ ತಂಪಾದ ಕೋಣೆಯಲ್ಲಿ ಇಡಬೇಕು. ಚಿತ್ರದಲ್ಲಿರುವವರು ಯಾರು, ಯಾವ ಊರು ಎಂಬುದನ್ನು ಮನೆಯ ಹಿರಿಯರು ಇರುವಾಗಲೇ ಕೇಳಿ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆಯಬೇಕು. ಬರೆದ ಮೇಲೆ ನೆಗೆಟಿವ್ ಒಳಗಿಡಬೇಕು. ಒಳಗಿಟ್ಟು ಬರೆದರೆ ಅಕ್ಷರದ ಒತ್ತು ಅಜ್ಜನ ಹಣೆಯ ಮೇಲೆ ಮೂಡೀತು.